ಪಡಸಾಲೆಯ ಮಾತು: ಮೊದಲನೆಯ ಕ್ಯಾಮರಾ

ಭಾನುವಾರ ಬೆಳಗಿನ ಹೊತ್ತು ನಮ್ಮ ಕುಷಾಯಿಗೂಡದ ಕನ್ನಡದ ಮನೆಗಳಲ್ಲಿ ಬಾಗಿಲು ತಟ್ಟಿದ ಸಪ್ಪಳವಾದರೆ ಅದಕ್ಕೆ ಎರಡರಲ್ಲಿ ಒಂದು ಕಾರಣವಿರುತ್ತದೆ. ಊರಿನಿಂದ ಜೋಳದ ಹಿಟ್ಟೋ ಶೇಂಗಾ ಚಟ್ನಿಯೋ ಬಂದಿರುತ್ತದೆ, ಅದರಲ್ಲಿ ಪಾಲು ಕೊಡಲು ಬಂದಿರುತ್ತಾರೆ. ಇಲ್ಲವೇ ಪುಕ್ಕಟೆಯಾಗಿ ಸಲಹೆ ಕೇಳಲು ಬಂದಿರುತ್ತಾರೆ. ಮೊದಲನೆಯ ಬಗೆಯವರಿಗೆ ಚಹಾ ಕೊಟ್ಟು ಕಳಿಸಿದರಾಯಿತು. ಎರಡನೆಯ ಬಗೆಯವರು ಮಧ್ಯಾಹ್ನದ ಊಟದವರೆಗೂ ಕೂರುವುದುಂಟು.

ಕಳೆದ ಕಾರ್ತಿಕದ ಒಂದು ಭಾನುವಾರ ಬಂದವಳು ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ. ಮುದ್ದೇಬಿಹಾಳದ ಕಡೆಯ ಜನ. ತಂದೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆಂದು ಬಂದು ಇಪ್ಪತ್ತೈದು ವರ್ಷವಾಯಿತು. ಹುಡುಗಿ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ತೆಲುಗು ನೀರು ಕುಡಿದಂತೆ ಆಡುತ್ತಾಳೆ. ಮನೆಯೊಳಗೆ ಮಾತ್ರ ಅಪ್ಪಟ ಬಿಜಾಪುರದ ಮಾತು. ಎರಡು ವರ್ಷ ಸಂಜೆಯ ಹೊತ್ತು ಓಣಿಯ ಮಕ್ಕಳಿಗೆ ಪಾಠ ಹೇಳಿ ನಲವತ್ತೆಂಟು ಸಾವಿರ ರೂಪಾಯಿ ಕೂಡಿಟ್ಟಿದ್ದಳು.

“ಕಾಕಾ, ಡಿ.ಎಸ್.ಎಲ್.ಆರ್. ಕ್ಯಾಮರಾ ತಗೋಬೇಕಂತ ಮಾಡೀನ್ರಿ. ಯಾವುದು ಛಲೋ ಹೇಳ್ರಿ,” ಎಂದಳು.

ಹಿಂದೆಯೇ ಬಂದಿದ್ದ ಆಕೆಯ ತಂದೆ, “ಫೋನಿನಾಗ ಬರಂಗಿಲ್ಲೇನ್ರಿ ಫೋಟೋ? ಇದಕ್ಯಾಕ ಅರ್ಧ ಲಕ್ಷ ಸುರೀಬೇಕು? ನೀವಾದರೂ ಬುದ್ಧಿ ಹೇಳ್ರಿ,” ಎಂದರು.

ಹೀಗೆ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತ ಮೇಲೆ ನ್ಯಾಯಾಧೀಶನಾಗದೆ ನನಗೆ ಬೇರೆ ದಾರಿಯಿರಲಿಲ್ಲ. “ಏನು ತೆಗೀಬೇಕಂತ ಮಾಡೀದಿ, ಅದನ್ನ ಮೊದಲು ಹೇಳವ್ವ,” ಎಂದೆ. ಹಕ್ಕಿ, ಹೂವು, ಮೌಲಾಲಿಯ ಗುಡ್ಡ, ಕಾಪ್ರಾ ಕೆರೆಯ ಸೂರ್ಯಾಸ್ತ ಎಂದು ಪಟ್ಟಿ ಬೆಳೆಯಿತು. ಕೊನೆಗೆ ದನಿ ತಗ್ಗಿಸಿ, “ಮತ್ತ ನಮ್ಮ ಆಯೀದು ಒಂದು ಛಲೋ ಫೋಟೋ ತೆಗೀಬೇಕ್ರಿ. ಮುತ್ಯಾಂದು ಆದಂಗ ಆಗಬಾರದು,” ಎಂದಳು. ತಂದೆ ನೆಲ ನೋಡಿದರು.

ಮುತ್ಯಾನ ಕಥೆ ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಊರಿನಲ್ಲಿ ಆತ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟ ಸಿಗಲಿಲ್ಲ. ಯಾರದೋ ಮದುವೆಯ ಗುಂಪಿನ ಚಿತ್ರದಲ್ಲಿ, ಹಿಂದಿನ ಸಾಲಿನಲ್ಲಿ, ಮುಂದಿನವರ ರುಮಾಲಿನ ಮರೆಯಲ್ಲಿ ಅರ್ಧ ಮುಖ ಸಿಕ್ಕಿತು. ಸ್ಟುಡಿಯೋದವರು ಅದನ್ನೇ ಹಿಗ್ಗಿಸಿ, ಇಲ್ಲದ ಕಿವಿಯನ್ನು ಹಚ್ಚಿ, ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿ ಕೊಟ್ಟರು. ಚೌಕಟ್ಟಿನೊಳಗೆ ಬಂದು ಕುಳಿತವನು ಯಾವನೋ ಪರಊರಿನ ಮನುಷ್ಯ. ಆಯಿ ಅದನ್ನು ನೋಡಿ, “ಇವರ್ಯಾರು?” ಎಂದು ಕೇಳಿದಳಂತೆ. ಆದರೂ ದಿನಾ ಅದಕ್ಕೇ ಊದಿನಕಡ್ಡಿ ಹಚ್ಚುತ್ತಾಳೆ. ಆಯಿಗೆ ಈಗ ಎಂಬತ್ತಮೂರು. ಆಕೆಯದೆಂದು ಇರುವ ಚಿತ್ರ ಆಧಾರ್ ಕಾರ್ಡಿನದೊಂದೇ, ಅದನ್ನು ನೋಡಿದರೆ ದೇವರೂ ಗುರುತು ಹಿಡಿಯಲಾರ.

ಆದುದರಿಂದ ಇದು ಬರಿಯ ಷೋಕಿಯ ವಿಚಾರವಲ್ಲವೆಂದು ನನಗೆ ಖಚಿತವಾಯಿತು. ನಮ್ಮ ಬಳಗದ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಎದ್ದಿರುವುದರಿಂದ ಅಂದು ಮಾತಾಡಿದ್ದನ್ನೂ ಆಮೇಲೆ ನಡೆದದ್ದನ್ನೂ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ತಂದೆಯ ವಾದವನ್ನು ತೆಗೆದುಕೊಳ್ಳೋಣ. ಅದು ಹಗುರವಾದ ವಾದವಲ್ಲ. ಒಳ್ಳೆಯ ಬೆಳಕಿದ್ದರೆ ಇಂದಿನ ಫೋನು ಬಲು ಸೊಗಸಾದ ಚಿತ್ರ ತೆಗೆಯುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಚಿತ್ರಗಳನ್ನು ಹಿಡಿದು, ಲೆಕ್ಕ ಹಾಕಿ, ಒಂದಾಗಿ ಕೂಡಿಸಿ ಕೊಡುತ್ತದೆ. ಜೇಬಿನಲ್ಲಿರುತ್ತದೆ, ಮರೆತು ಬಂದೆನೆಂಬ ಮಾತಿಲ್ಲ. ಪ್ರವಾಸಕ್ಕೆ, ಹಬ್ಬಕ್ಕೆ, ಮಗುವಿನ ಮೊದಲ ಹೆಜ್ಜೆಗೆ ಅದೇ ಸಾಕು. ಅಷ್ಟಕ್ಕೇ ಆದರೆ ಕ್ಯಾಮರಾ ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕಿಂತ ಆ ಹಣವನ್ನು ಬ್ಯಾಂಕಿನಲ್ಲಿಡುವುದು ಲೇಸು.

ಆದರೆ ಫೋನಿಗೆ ಒಂದು ಕೊರತೆಯಿದೆ. ಅದರೊಳಗೆ ಬೆಳಕನ್ನು ಹಿಡಿಯುವ ಫಲಕ, ಎಂದರೆ ಸೆನ್ಸರ್, ಬಹಳ ಚಿಕ್ಕದು. ಸಾಮಾನ್ಯ ಫೋನುಗಳಲ್ಲಿ ಕಿರುಬೆರಳಿನ ಉಗುರಿಗಿಂತ ದೊಡ್ಡದಿರುವುದಿಲ್ಲ. ಮೊದಲ ಮೆಟ್ಟಿಲಿನ ಡಿ.ಎಸ್.ಎಲ್.ಆರ್. ಕ್ಯಾಮರಾದಲ್ಲಿ ಅದು ಅಂಚೆ ಚೀಟಿಯಷ್ಟಿರುತ್ತದೆ: ಕ್ಯಾನನ್‌ನಲ್ಲಿ ಸುಮಾರು ೨೨ × ೧೫ ಮಿಲಿಮೀಟರ್, ನಿಕಾನ್‌ನಲ್ಲಿ ಸುಮಾರು ೨೩.೫ × ೧೫.೬. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟರೆ ಎಷ್ಟು ನೀರು, ಪರಾತ ಇಟ್ಟರೆ ಎಷ್ಟು ನೀರು? ಬೆಳಕಿನ ಲೆಕ್ಕವೂ ಹಾಗೆಯೇ. ಮನೆಯೊಳಗಿನ ಮಂದ ಬೆಳಕಿನಲ್ಲಿ ಲೋಟದವನು ತನ್ನ ಕೊರತೆಯನ್ನು ಲೆಕ್ಕದಿಂದ ತುಂಬಿಕೊಳ್ಳುತ್ತಾನೆ, ಆ ಲೆಕ್ಕದಲ್ಲಿ ಅನೇಕ ಸಲ ಅಜ್ಜಿಯ ಸುಕ್ಕುಗಳು ಒರಸಿಹೋಗುತ್ತವೆ. ಮುತ್ಯಾನಿಗೆ ಸ್ಟುಡಿಯೋದವರು ಮಾಡಿದ್ದನ್ನೇ ಫೋನು ತಾನಾಗಿ ಮಾಡಿಬಿಡುತ್ತದೆ ಎಂದೆ. ತಂದೆ, “ಹಂಗಂದ್ರ ಬ್ಯಾರೆ ಮಾತು,” ಎಂದು ಚಹಾ ಲೋಟ ಕೈಗೆತ್ತಿಕೊಂಡರು.

ಇನ್ನು ಆ ನಾಲ್ಕು ಅಕ್ಷರಗಳ ಅರ್ಥ. ಎಸ್.ಎಲ್.ಆರ್. ಎಂದರೆ ಒಂದೇ ಮಸೂರವುಳ್ಳ, ಕನ್ನಡಿಯಿಂದ ಪ್ರತಿಬಿಂಬ ತೋರಿಸುವ ಕ್ಯಾಮರಾ. ಲೆನ್ಸಿನ ಮೂಲಕ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ ನಮ್ಮ ಕಣ್ಣನ್ನು ಸೇರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಸರಕ್ಕನೆ ಮೇಲೇಳುತ್ತದೆ, ಹಿಂದಿನ ಪರದೆ ತೆರೆಯುತ್ತದೆ, ಅದೇ ಬೆಳಕು ಫಲಕದ ಮೇಲೆ ಬೀಳುತ್ತದೆ. ಕಣ್ಣಿಗೆ ಕಂಡದ್ದೂ ಕ್ಯಾಮರಾಕ್ಕೆ ಕಂಡದ್ದೂ ಒಂದೇ ಲೆನ್ಸಿನಿಂದ ಎಂಬುದೇ ಇದರ ಹೆಚ್ಚುಗಾರಿಕೆ. ಮುಂದಿರುವ ‘ಡಿ’ ಎಂದರೆ ಫಿಲ್ಮಿನ ಬದಲು ಡಿಜಿಟಲ್ ಫಲಕ. ೧೯೭೫ರಲ್ಲಿ ಕೊಡಾಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರ್ ಮಾಡಿದ ಮೊದಲ ಡಿಜಿಟಲ್ ಕ್ಯಾಮರಾ ಹತ್ತು ಸಾವಿರ ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು ೨೩ ಸೆಕೆಂಡು ತೆಗೆದುಕೊಳ್ಳುತ್ತಿತ್ತು. ೨೦೦೩ರಲ್ಲಿ ಕ್ಯಾನನ್ ಕಂಪೆನಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ೩೦೦ಡಿ ಎಂಬ ಮಾದರಿಯನ್ನು ತಂದಾಗ ಈ ಬಗೆಯ ಕ್ಯಾಮರಾ ವೃತ್ತಿಗಾರರ ಕೈಯಿಂದ ಮನೆಮನೆಗೆ ಬಂತು.

ಹುಡುಗಿ ಕಾಗದ ತೆಗೆದು ಬರೆದುಕೊಂಡು ಬಂದಿದ್ದ ಹೆಸರುಗಳನ್ನು ಓದಿದಳು. ಕ್ಯಾನನ್ ೧೫೦೦ಡಿ: ೨೦೧೮ರದು, ೨೪.೧ ಮೆಗಾಪಿಕ್ಸೆಲ್, ೯ ಫೋಕಸ್ ಬಿಂದುಗಳು. ನಿಕಾನ್ ಡಿ೩೫೦೦: ಅದೂ ೨೦೧೮ರದೇ, ೨೪.೨ ಮೆಗಾಪಿಕ್ಸೆಲ್, ೧೧ ಬಿಂದುಗಳು. ಒಮ್ಮೆ ಚಾರ್ಜು ಮಾಡಿದರೆ ಸುಮಾರು ೧,೫೫೦ ಚಿತ್ರ ಬರುತ್ತವೆಂದು ಕಂಪೆನಿಯ ಲೆಕ್ಕ, ಕ್ಯಾನನ್ನಿನಲ್ಲಿ ೫೦೦. ಆದರೆ ನಿಕಾನಿನವರು ಅದರ ತಯಾರಿಕೆ ನಿಲ್ಲಿಸಿದ್ದಾರೆ. ಸಿಕ್ಕರೆ ಸೆಕೆಂಡ್ ಹ್ಯಾಂಡ್. ಮೂರನೆಯದು ಕ್ಯಾನನ್ ೨೦೦ಡಿಯ ಎರಡನೆಯ ಅವತಾರ, ೨೦೧೯ರದು: ತಿರುಗುವ, ಮುಟ್ಟಿದರೆ ಕೇಳುವ ಪರದೆಯುಂಟು, ವಿಡಿಯೋಕ್ಕೆ ಒಳ್ಳೆಯದು, ಬೆಲೆಯೂ ಮೇಲು.

“ಇಪ್ಪತ್ನಾಕು ಮೆಗಾಪಿಕ್ಸೆಲ್ ಸಾಕಾಗತೈತೇನ್ರಿ ಕಾಕಾ? ಅಪ್ಪಾಜಿ ಫೋನಿನಾಗ ಐವತ್ತು ಐತಿ.”

ಈ ಮೆಗಾಪಿಕ್ಸೆಲ್ ಎಂಬುದು ಮದುವೆಯ ಜಾತಕದ ಹಾಗೆ. ಎಲ್ಲರೂ ಕೇಳುತ್ತಾರೆ, ಸಂಸಾರ ನಡೆಯುವುದು ಅದರಿಂದಲ್ಲ. ಎಂಟು ಇಂಚು ಹನ್ನೆರಡು ಇಂಚಿನ ಪಟವೊಂದನ್ನು ಚೊಕ್ಕಟವಾಗಿ ಅಚ್ಚು ಹಾಕಿಸಲು ಇಂಚಿಗೆ ೩೦೦ ಚುಕ್ಕೆ ಎಂದಿಟ್ಟುಕೊಂಡರೂ ೨,೪೦೦ × ೩,೬೦೦, ಅಂದರೆ ಸುಮಾರು ೮೬ ಲಕ್ಷ ಚುಕ್ಕೆಗಳು ಸಾಕು. ಒಂಬತ್ತು ಮೆಗಾಪಿಕ್ಸೆಲೂ ಪೂರ್ತಿ ಬೇಕಿಲ್ಲ. ಇಪ್ಪತ್ತನಾಲ್ಕರಲ್ಲಿ ಗೋಡೆಯ ಅರ್ಧವನ್ನು ಮುಚ್ಚುವ ಪಟ ತೆಗೆಯಬಹುದು.

ನಿಜವಾಗಿ ನೋಡಬೇಕಾದದ್ದು ಲೆನ್ಸು. ಕ್ಯಾಮರಾದೊಡನೆ ಕೊಡುವ ೧೮–೫೫ ಮಿ.ಮೀ. ಲೆನ್ಸು ಕಲಿಯುವುದಕ್ಕೆ ಒಳ್ಳೆಯದು. ಅಗಲವಾದ ಹಸೆಜಗಲಿಯೂ ಬರುತ್ತದೆ, ಒಂದಿಷ್ಟು ಹತ್ತಿರದ ಮುಖವೂ ಬರುತ್ತದೆ. ಆದರೆ ೫೫ರ ತುದಿಯಲ್ಲಿ ಅದರ ಕಿಂಡಿ ಎಫ್/೫.೬ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ೫೦ ಮಿ.ಮೀ. ಎಫ್/೧.೮ ಎಂಬ ಚಿಕ್ಕ ಲೆನ್ಸು ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದೆಂಬುದನ್ನು ಹೊಸಬರು ನೆನಪಿಡತಕ್ಕದ್ದು.) ಕ್ಯಾನನ್ನಿನ ಈ ಲೆನ್ಸು ೧೬೦ ಗ್ರಾಮು ತೂಗುತ್ತದೆ, ಇಂಥ ಕ್ಯಾಮರಾಗಳ ಮೇಲೆ ೮೦ ಮಿ.ಮೀ. ಲೆನ್ಸಿನಂತೆ ನೋಡುತ್ತದೆ, ಮುಖದ ಚಿತ್ರಕ್ಕೆ ಹೇಳಿಮಾಡಿಸಿದ್ದು. ಝೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ಎರಡು ಹೆಜ್ಜೆ ಮುಂದೆ ಹೋಗಬೇಕು. ನಿಕಾನ್ ಇಟ್ಟುಕೊಂಡವರಿಗೆ ೩೫ ಮಿ.ಮೀ. ಎಫ್/೧.೮ ಲೆನ್ಸುಂಟು, ನಮ್ಮ ಇಕ್ಕಟ್ಟಾದ ಫ್ಲಾಟುಗಳಲ್ಲಿ ಅದು ಇನ್ನೂ ಅನುಕೂಲ. ಒಂದು ಎಚ್ಚರಿಕೆ: ಡಿ೩೫೦೦ರಂಥ ನಿಕಾನ್‌ಗಳ ಒಡಲಲ್ಲಿ ಫೋಕಸ್ ಮಾಡುವ ಮೋಟಾರಿಲ್ಲ. ಮೋಟಾರು ಲೆನ್ಸಿನಲ್ಲಿದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕನ್ನಡಿಯ ಕ್ಯಾಮರಾದ ಕಾಲ ಇಳಿಮುಖವಾಗಿದೆ. ೨೦೨೦ರ ಬಳಿಕ ಕ್ಯಾನನ್ನಿನವರಾಗಲಿ ನಿಕಾನಿನವರಾಗಲಿ ಹೊಸ ಡಿ.ಎಸ್.ಎಲ್.ಆರ್. ಮಾದರಿ ತಂದಿಲ್ಲ; ಸೋನಿಯವರು ೨೦೨೧ರಲ್ಲಿ ತಮ್ಮದನ್ನು ನಿಲ್ಲಿಸಿದರು. ಈಗ ಬರುವುದೆಲ್ಲ ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂಬ ಜಾತಿ: ನಿಕಾನ್ ಝಡ್೩೦, ಕ್ಯಾನನ್ ಆರ್೫೦ ಮುಂತಾದವು. ಅವು ಹಗುರ, ಕಣ್ಣನ್ನು ಹುಡುಕಿ ತಾವೇ ಫೋಕಸ್ ಮಾಡುತ್ತವೆ. ಹಣವಿದ್ದವರು, ವಿಡಿಯೋ ಬೇಕಾದವರು, ಮುಂದೆ ಹತ್ತು ವರ್ಷ ಲೆನ್ಸು ಕೂಡಿಸುತ್ತ ಹೋಗುವವರು ಅದನ್ನೇ ಕೊಳ್ಳುವುದು ಜಾಣತನ. ಹಾಗಾದರೆ ಹಳೆಯ ಜಾತಿಯನ್ನು ಏಕೆ ನೋಡಬೇಕು? ಇದೇ ಕಾರಣಕ್ಕೆ! ಊರವರೆಲ್ಲ ಹೊಸದಕ್ಕೆ ಹೋದಾಗ ಹಳೆಯ ಒಳ್ಳೆಯ ವಸ್ತು ಅಗ್ಗವಾಗುತ್ತದೆ. ಕ್ಯಾನನ್ನಿನ ಇ.ಎಫ್. ಲೆನ್ಸುಗಳು ೧೯೮೭ರಿಂದ, ನಿಕಾನಿನ ಎಫ್ ಲೆನ್ಸುಗಳು ೧೯೫೯ರಿಂದ ತಯಾರಾಗುತ್ತ ಬಂದವು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅವಕ್ಕೆ ಬರವಿಲ್ಲ.

ಇಷ್ಟು ಹೇಳಿದ ಮೇಲೆ ಹುಡುಗಿಗೆ ಒಂದು ಷರತ್ತು ಹಾಕಿದೆ: ಕೊಳ್ಳುವುದಕ್ಕೆ ಮೊದಲು ಎರಡು ಭಾನುವಾರ ಎರವಲು ಕ್ಯಾಮರಾದಲ್ಲಿ ತೆಗೆಯಬೇಕು. ನಮ್ಮ ಸಂಘದ ಸದಸ್ಯರೊಬ್ಬರ ಬಳಿ ಹಳೆಯದೊಂದು ಕ್ಯಾನನ್ ಇತ್ತು. ಅವರು ಧಾರಾಳಿ, ಉದ್ದನೆಯ ಝೂಮ್ ಲೆನ್ಸಿನ ಸಮೇತ ಕೊಟ್ಟರು. ಮೊದಲ ಭಾನುವಾರ ಅವಳು ಬೆಳಗ್ಗೆಯೇ ಕಾಪ್ರಾ ಕೆರೆಗೆ ಹೋಗಿ ಬಿಸಿಲೇರಿದ ಮೇಲೆ ಬಂದಳು. ನೂರೆಂಬತ್ತು ಚಿತ್ರಗಳಲ್ಲಿ ಹಕ್ಕಿ ಇದ್ದವು ಹದಿನಾಲ್ಕು, ಉಳಿದವುಗಳಲ್ಲಿ ಹಕ್ಕಿ ಕುಳಿತಿದ್ದ ಕೊಂಬೆ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಎಷ್ಟು ವರ್ಷ ಕಾದರೆಂಬುದನ್ನು ಅಂದು ಅವಳಿಗೆ ಹೇಳಿದೆ. ಎರಡನೆಯ ಭಾನುವಾರ ಅವಳು ಮನೆಯಲ್ಲೇ ಇದ್ದಳು: ತಾಯಿ ರೊಟ್ಟಿ ಬಡಿಯುವುದು, ತರಕಾರಿ ಬಂಡಿಯವನ ನಗು, ಇ.ಸಿ.ಐ.ಎಲ್. ಚೌರಸ್ತೆಯಲ್ಲಿ ಬಸ್ಸಿಗೆ ಕಾಯುವ ಮುಖಗಳು. ಆ ಚಿತ್ರಗಳಲ್ಲಿ ಜೀವವಿತ್ತು. ಅವಳಿಗೆ ಬೇಕಾದದ್ದು ಹಕ್ಕಿಯ ಲೆನ್ಸಲ್ಲ, ಮುಖದ ಲೆನ್ಸು ಎಂಬುದು ಖರ್ಚಿಲ್ಲದೆ ತೀರ್ಮಾನವಾಯಿತು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರನ್ನು ಅವಳು ಕೇಳಿರಲಿಲ್ಲ. ದೊಡ್ಡವರ ಚಿತ್ರಗಳನ್ನು ತೆಗೆದ ಕೈಯೇ ಬೀದಿಯ ಮಕ್ಕಳನ್ನೂ ದುಡಿಯುವ ಹೆಂಗಸರನ್ನೂ ಅಷ್ಟೇ ಗೌರವದಿಂದ ತೆಗೆಯಿತು. ೧೯೭೭ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಚಿತ್ರಗಳನ್ನು ಹುಡುಕಿ ನೋಡು, ಅದೇ ನಿನಗೆ ಪಾಠ ಎಂದೆ.

ಮೂರನೆಯ ವಾರ ನಾವು ಮೂವರೂ ಕೋಠಿಯ ಕ್ಯಾಮರಾ ಅಂಗಡಿಗಳಿಗೆ ಹೋದೆವು. ಮೊದಲನೆಯ ಅಂಗಡಿಯವನು ಚೀಲ, ಮೂರುಕಾಲಿನ ಸ್ಟ್ಯಾಂಡು, ಒರೆಸುವ ಬಟ್ಟೆ ಎಲ್ಲ ‘ಫ್ರೀ’ ಎಂದ. ಬಿಲ್ಲು ಕೇಳಿದ ಕೂಡಲೇ ಬೆಲೆ ಬೇರೆಯಾಯಿತು. ಬಿಲ್ಲಿಲ್ಲದ ವಸ್ತುವಿಗೆ ಕಂಪೆನಿಯ ವಾರಂಟಿಯೂ ಇಲ್ಲವೆಂದು ತಿಳಿದು ಇಳಿದುಬಂದೆವು. ಎರಡನೆಯ ಅಂಗಡಿಯಲ್ಲಿ ಒಂದು ವರ್ಷ ಬಳಸಿದ ೧೫೦೦ಡಿ ಸಿಕ್ಕಿತು, ಕಿಟ್ ಲೆನ್ಸಿನ ಸಮೇತ. ಎರವಲು ಕೊಟ್ಟ ಸದಸ್ಯರದೂ ಕ್ಯಾನನ್ನೇ ಆದುದರಿಂದ ಅವರ ಲೆನ್ಸುಗಳು ಇದಕ್ಕೂ ಕೂಡುತ್ತವೆ. ಬಳಗದಲ್ಲಿ ಯಾರ ಬಳಿ ಯಾವ ಕಂಪೆನಿಯದು ಇದೆಯೋ ಅದನ್ನೇ ಕೊಳ್ಳುವುದರ ಲಾಭ ಇದು. ಕಡ ತರಲು ಒಂದು ಮನೆಯಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾವು ನೋಡಿದ್ದಿಷ್ಟು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ಎಂದು ನೋಡಿದೆವು, ಇದ್ದರೆ ಕೊಳ್ಳಬಾರದು. ಕಿಂಡಿಯನ್ನು ಚಿಕ್ಕದು ಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದೆವು. ಕಪ್ಪು ಚುಕ್ಕೆ ಕಂಡರೆ ಫಲಕದ ಮೇಲೆ ಧೂಳೆಂದು ಅರ್ಥ, ಅದನ್ನು ತೆಗೆಸಬಹುದು. ಲೆನ್ಸು ಕೂಡುವ ಬಳೆ ಸಡಿಲವಿದೆಯೇ, ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆಯೇ, ಮೂಲ ಬಿಲ್ಲಿನ ಸಂಖ್ಯೆಯೂ ಕ್ಯಾಮರಾದ ಸಂಖ್ಯೆಯೂ ಒಂದೆಯೇ ಎಂದು ಪರೀಕ್ಷಿಸಿದೆವು. ನಿಕಾನ್ ಆದರೆ ಎಷ್ಟು ಸಲ ಪರದೆ ತೆರೆದು ಮುಚ್ಚಿದೆಯೆಂಬ ಲೆಕ್ಕ ಚಿತ್ರದ ಫೈಲಿನಲ್ಲೇ ಅಡಗಿರುತ್ತದೆ; ಡಿ೩೫೦೦ರ ಪರದೆಯನ್ನು ಲಕ್ಷ ಸಲಕ್ಕೆಂದು ಪರೀಕ್ಷಿಸಿದ್ದಾರೆ. ಕ್ಯಾನನ್ನಿನಲ್ಲಿ ಅಷ್ಟು ಸುಲಭವಾಗಿ ಸಿಗದು. ಹೀಗೆ ಉಳಿದ ಹಣದಲ್ಲಿ ೫೦ ಮಿ.ಮೀ. ಲೆನ್ಸನ್ನು ಹೊಸದಾಗಿ ಕೊಂಡೆವು. ಮನೆಗೆ ಬಂದ ಮೇಲೆ ಹುಡುಗಿಯ ಕೈಯಲ್ಲಿ ಇನ್ನೂ ಏಳು ಸಾವಿರ ಉಳಿದಿತ್ತು. “ಅದನ್ನ ಮುಟ್ಟಬ್ಯಾಡ, ಅಚ್ಚು ಹಾಕಸಾಕ ಇರಲಿ,” ಎಂದೆ.

ಆಯಿ ಮಾರ್ಗಶಿರದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಇಲ್ಲಿಗೆ ಬಂದಳು. ಪರಗಂಡಸರ ಮುಂದೆ ಕುಳಿತು ಪಟ ಹಿಡಿಸಿಕೊಳ್ಳುವುದೆಂದರೆ ಆಕೆಗೆ ಎಂದೂ ಆಗದು. ಅದಕ್ಕೇ ಇಷ್ಟು ವರ್ಷ ಸ್ಟುಡಿಯೋದ ಮೆಟ್ಟಿಲು ಹತ್ತಿರಲಿಲ್ಲ. ಇದರಲ್ಲಿ ನಗುವಂಥದೇನೂ ಇಲ್ಲ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರು ೧೮೯೨ರಲ್ಲಿ ಇದೇ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜೆನಾನಾ ಸ್ಟುಡಿಯೋವೊಂದನ್ನು ತೆರೆದು, ಕೆನ್ನಿ-ಲೆವಿಕ್ ಎಂಬ ದೊರೆಸಾನಿಯ ಕೈಗೆ ಅದನ್ನು ಒಪ್ಪಿಸಿದ್ದರು. ಗೋಷಾದ ಹೆಂಗಸರು ಹೆಣ್ಣುಮಗಳ ಮುಂದೆ ನಿರಾಳವಾಗಿ ಕುಳಿತರು. ನೂರಮೂವತ್ತು ವರ್ಷ ಕಳೆದ ಮೇಲೆ ನಮ್ಮ ಓಣಿಯಲ್ಲಿ ಅದೇ ಕೆಲಸ ಮೊಮ್ಮಗಳ ಪಾಲಿಗೆ ಬಂತು.

ಅಂದು ಬೆಳಗ್ಗೆ ಒಂಬತ್ತು ಗಂಟೆ. ಆಯಿ ಪೂರ್ವದ ಕಿಟಕಿಯ ಹತ್ತಿರ ಕುಳಿತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದಳಂತೆ. ಹುಡುಗಿ ಟ್ಯೂಬ್‌ಲೈಟು ಆರಿಸಿದಳು. ಕಿಂಡಿಯನ್ನು ಪೂರ್ತಿ ತೆರೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು ಆಗುತ್ತದೆಂದು ಅಭ್ಯಾಸದಿಂದ ಕಲಿತಿದ್ದಳು; ಎಫ್/೨.೮ಕ್ಕೆ ಇಳಿಸಿದಳು, ಕೈ ನಡುಗಿದ್ದು ಕಾಣದಂತೆ ವೇಗವನ್ನು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಭಾಗಕ್ಕೆ ಇಟ್ಟಳು. “ನಗು” ಎನ್ನಲಿಲ್ಲ, “ಇತ್ತ ನೋಡು” ಎನ್ನಲಿಲ್ಲ. ಊರಿನ ಸುದ್ದಿ ಕೇಳುತ್ತ ಅರವತ್ತು ಚಿತ್ರ ತೆಗೆದಳು, ಐವತ್ತೇಳನ್ನು ಅಳಿಸಿದಳು.

ಉಳಿದ ಮೂರರಲ್ಲಿ ಒಂದನ್ನು ಎಂಟು–ಹನ್ನೆರಡಕ್ಕೆ ಅಚ್ಚು ಹಾಕಿಸಿ ನಮ್ಮ ಮನೆಗೆ ತಂದು ತೋರಿಸಿದಳು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ. ಹಣೆಯ ಹಚ್ಚೆ, ಮೂಗುಬೊಟ್ಟು, ಬೆರಳ ಸಂದಿಯ ತೊಗರಿಕಾಯಿ, ಸುಕ್ಕು ಒಂದೂ ತಪ್ಪಿಲ್ಲ. ಯಾರೋ ಹೇಳಿದ ಮಾತಿಗೆ ಉತ್ತರ ಕೊಡಲು ಬಾಯಿ ತೆರೆಯುವ ಮುನ್ನಿನ ಗಳಿಗೆ.

ಆಯಿಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಪಟವನ್ನು ಆಕೆಯ ಕೈಗೆ ಕೊಟ್ಟರು. ಆಕೆ ಅದನ್ನು ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದಳಂತೆ. “ಇದು ನಾನಾ,” ಎಂದಳು. ಮಗ ಮೊಳೆಯನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ಮುತ್ಯಾನ ಪಟದ ಪಕ್ಕಕ್ಕೆ ಹೋಗಿ ನಿಂತಾಗ ಮಾತ್ರ ಗದರಿದಳು: “ಅಲ್ಲಿ ಈಗs ಹಾಕಬ್ಯಾಡೋ. ಇನ್ನಾ ಟೈಮ್ ಐತಿ. ಅಲ್ಲೀ ತನಕ ಟಿ.ವಿ. ಮ್ಯಾಲ ಇರಲಿ.” ಎಲ್ಲರೂ ನಕ್ಕರು. ಆಮೇಲೆ ಆಯಿ ಗೋಡೆಯ ಕಡೆ ನೋಡಿ ಮೆಲ್ಲಗೆ, “ಅವರದೂ ಹಿಂಗ ಒಂದು ತೆಗೀಬೇಕಾಗಿತ್ತು,” ಎಂದಳಂತೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಹೇಳುವುದಾದರೂ ಏನಿತ್ತು?

ವಾಚಕರಲ್ಲಿ ಒಂದು ಬಿನ್ನಹ. ಕ್ಯಾಮರಾ ಕೊಳ್ಳುವಿರೋ ಬಿಡುವಿರೋ ಅದು ನಿಮ್ಮ ಕೈಯಲ್ಲಿನ ಹಣಕ್ಕೆ ಬಿಟ್ಟದ್ದು. ಕೊಂಡರೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಚರ್ಮದ ಚೀಲದಲ್ಲಿ ಬೇಡ, ಬೂಷ್ಟು ಹಿಡಿಯುತ್ತದೆ. ಚಿತ್ರಗಳನ್ನು ಎರಡು ಕಡೆ ಉಳಿಸಿಡಿ. ಕೊಳ್ಳದಿದ್ದರೆ ಎರವಲು ತನ್ನಿ, ಇಲ್ಲವೇ ಕಿಟಕಿಯ ಬೆಳಕಿನಲ್ಲಿ ಫೋನಿನಿಂದಲೇ ತೆಗೆಯಿರಿ. ಆದರೆ ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರದೊಂದು ಪಟ ತೆಗೆದು, ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡಿ. ಈ ಕೆಲಸಕ್ಕೆ ನಲವತ್ತೆಂಟು ಸಾವಿರ ಬೇಕಿಲ್ಲ. ಒಂದು ಭಾನುವಾರದ ಬೆಳಗು ಸಾಕು.